ಓಡುವ ಜೀಪಿಗೆ ‘ಫೋರ್ ವೀಲ್’ ಹಾಕುವ ಕಥೆ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಹಳೆಯ ಜೀಪು ಹತ್ತಿದವರಿಗೆ ಒಂದು ನೋಟ ಪರಿಚಿತ. ಚಾಲಕನ ಎಡಗೈ ಬದಿಯಲ್ಲಿ ನೆಲದಿಂದ ಮೇಲೆದ್ದಿರುವುದು ಒಂದು ಲಿವರ್ ಅಲ್ಲ, ಮೂರು. ಉದ್ದನೆಯದು ಎಲ್ಲ ವಾಹನಗಳಲ್ಲೂ ಇರುವ ಗೇರ್ ಲಿವರ್. ಅದರ ಪಕ್ಕದ ಎರಡು ಗಿಡ್ಡ ಲಿವರ್‌ಗಳಿಗೆ ಟಾರು ರಸ್ತೆಯಲ್ಲಿ ಕೆಲಸವಿಲ್ಲ. ಮುಂಗಾರು ಹಿಡಿದು ತೋಟದ ಮಣ್ಣುದಾರಿ ಜಾರತೊಡಗಿದಾಗ ‘ಫೋರ್ ವೀಲ್ ಹಾಕು’ ಎಂಬ ಮಾತು ಬರುತ್ತದೆ. ಆಗ ಚಾಲಕ ಅವುಗಳಿಗೆ ಕೈ ಹಾಕುತ್ತಾನೆ.

ಹಾಗೆ ಕೈ ಹಾಕಲು ಜೀಪು ನಿಲ್ಲಿಸಬೇಕೆ? ಓಡುತ್ತಿರುವಾಗಲೇ ಹಾಕಬಹುದೆ? ಕೇಳಲು ಇದು ಗ್ಯಾರೇಜಿನ ಪ್ರಶ್ನೆ. ಆದರೆ ಮಳೆಗಾಲದ ರಾತ್ರಿ ರೋಗಿಯನ್ನು ಕೂರಿಸಿಕೊಂಡು ಏರು ಹತ್ತುವವನಿಗೆ ಅದು ಹೊಟ್ಟೆಯೊಳಗಿನ ಪ್ರಶ್ನೆ. ಕೆಸರಿನಲ್ಲಿ ಒಮ್ಮೆ ನಿಂತ ವಾಹನ ಮತ್ತೆ ಹೊರಡುವುದು ಕಷ್ಟ. ಏರಿನ ನಡುವೆ ನಿಂತರೆ ಹಿಂದಕ್ಕೆ ಜಾರುವ ಭಯ. ನಿಲ್ಲಿಸದೆ ತಪ್ಪಾಗಿ ಹಾಕಿದರೆ ಗೇರಿನ ಹಲ್ಲು ಮುರಿಯುವ ಭಯ. ನಾಲ್ಕು ಚಕ್ರ ಚಾಲನೆಯ ಶತಮಾನ ಮೀರಿದ ಇತಿಹಾಸದಲ್ಲಿ ಎಂಜಿನಿಯರುಗಳನ್ನು ಬಹಳ ಕಾಡಿದ ಸಮಸ್ಯೆಗಳಲ್ಲಿ ಇದೂ ಒಂದು.

ಸೂತ್ರ ಮಾತ್ರ ಸರಳ. ಸುತ್ತುತ್ತಿರುವ ಎರಡು ಭಾಗಗಳನ್ನು ಕೂಡಿಸಬೇಕಾದರೆ ಮೊದಲು ಅವೆರಡರ ವೇಗ ಒಂದಾಗಬೇಕು. ಓಡುವ ಬಸ್ಸು ಹತ್ತುವವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ಆಮೇಲೆ ಕಂಬಿ ಹಿಡಿಯುತ್ತಾನೆ. ನಿಂತಲ್ಲಿಂದಲೇ ಕಂಬಿಗೆ ಕೈ ಹಾಕಿದರೆ ತೋಳು ಕಿತ್ತುಬರುತ್ತದೆ. ಗೇರುಗಳ ವಿಷಯದಲ್ಲೂ ಅಷ್ಟೆ. ಆ ನಾಲ್ಕು ಹೆಜ್ಜೆಯನ್ನು ಯಾರು ಓಡಬೇಕು, ಚಾಲಕನೋ ಯಂತ್ರವೋ ಎಂಬುದರ ಮೇಲೆ ಈ ಕಥೆಯೆಲ್ಲ ನಿಂತಿದೆ.

ಎರಡು ಗಿಡ್ಡ ಲಿವರ್‌ಗಳು

ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಯೋಚನೆ ಜೀಪಿಗಿಂತ ಹಳೆಯದು. 1900ರಲ್ಲೇ ಫರ್ಡಿನಾಂಡ್ ಪೋರ್ಷೆ ಚಕ್ರಗಳ ಗುಂಬದಲ್ಲೇ ವಿದ್ಯುತ್ ಮೋಟರು ಕೂರಿಸಿ, ನಾಲ್ಕು ಮೋಟರುಗಳ ಕಾರೊಂದನ್ನು ಇಂಗ್ಲೆಂಡಿನ ಗ್ರಾಹಕರೊಬ್ಬರಿಗೆ ಮಾಡಿಕೊಟ್ಟಿದ್ದರು. 1903ರಲ್ಲಿ ಹಾಲೆಂಡಿನ ಸ್ಪೈಕರ್ ಸಹೋದರರು ಪೆಟ್ರೋಲ್ ಎಂಜಿನ್ನಿನ ನಾಲ್ಕು ಚಕ್ರ ಚಾಲನೆಯ ಕಾರು ತೋರಿಸಿದರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಆಟೊ ಜಾಕೋ ಮತ್ತು ವಿಲಿಯಂ ಬೆಸರ್ಡಿಕ್ ಎಂಬ ಇಬ್ಬರು ಯಂತ್ರಕರ್ಮಿಗಳು, ತಿರುಗುವ ಮುಂಚಕ್ರಕ್ಕೂ ಶಕ್ತಿ ಮುಟ್ಟಿಸುವ ಕೀಲನ್ನು ರೂಪಿಸಿ 1908ರಲ್ಲಿ ಪೇಟೆಂಟ್ ಪಡೆದರು. ಅವರ ಕೆಲಸದಿಂದ ಹುಟ್ಟಿದ ಲಾರಿಗಳು ಮೊದಲ ಮಹಾಯುದ್ಧದಲ್ಲಿ ಯುರೋಪಿನ ಕೆಸರಿನಲ್ಲಿ ಓಡಾಡಿದವು.

ಆದರೆ ಈ ತಂತ್ರವನ್ನು ಜಗತ್ತಿನ ಮನೆಬಾಗಿಲಿಗೆ ತಂದದ್ದು ಜೀಪು. 1940ರಲ್ಲಿ ಅಮೆರಿಕದ ಸೇನೆ ಒಂದು ಹಗುರ ವಾಹನ ಬೇಕೆಂದು ಕೇಳಿ, ಮೊದಲ ಮಾದರಿಗೆ 49 ದಿನಗಳ ಗಡುವು ಕೊಟ್ಟಿತು. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಕಂಪೆನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ನಕ್ಷೆ ಹಾಕಿದರು. ಆ ವರ್ಷದ ಸೆಪ್ಟೆಂಬರ್ 23ರಂದು ಮಾದರಿ ಸೇನೆಯ ಕೈ ಸೇರಿತು. ಮುಂದೆ ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳು ಯುದ್ಧಕಾಲದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು.

ಈ ಜೀಪಿನ ಹೊಟ್ಟೆಯಡಿ ಗೇರ್ ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಇತ್ತು. ಅದರ ಹೆಸರು ಟ್ರಾನ್ಸ್‌ಫರ್ ಕೇಸ್. ಎಂಜಿನ್ನಿನ ಶಕ್ತಿ ಗೇರ್ ಬಾಕ್ಸ್ ದಾಟಿ ಇಲ್ಲಿಗೆ ಬರುತ್ತದೆ. ಇಲ್ಲಿಂದ ಒಂದು ಉದ್ದನೆಯ ಶಾಫ್ಟು ಹಿಂದಿನ ಆಕ್ಸಲ್‌ಗೂ ಇನ್ನೊಂದು ಮುಂದಿನ ಆಕ್ಸಲ್‌ಗೂ ಹೋಗುತ್ತದೆ. ಹಿಂದಿನ ಶಾಫ್ಟಿಗೆ ಸದಾ ಕೆಲಸ. ಮುಂದಿನ ಶಾಫ್ಟನ್ನು ಕೂಡಿಸುವುದು, ಬಿಡಿಸುವುದು ಮೊದಲ ಗಿಡ್ಡ ಲಿವರಿನ ಕೆಲಸ. ಎರಡನೆಯ ಗಿಡ್ಡ ಲಿವರಿಗೆ ‘ಹೈ’, ‘ನ್ಯೂಟ್ರಲ್’, ‘ಲೋ’ ಎಂಬ ಮೂರು ನೆಲೆ. ‘ಲೋ’ಗೆ ಹಾಕಿದರೆ ಚಕ್ರಗಳ ವೇಗ ಇಳಿದು, ಅಷ್ಟೇ ಪಟ್ಟು ಎಳೆಯುವ ಬಲ ಏರುತ್ತದೆ. ಯುದ್ಧಾನಂತರದ ನಾಗರಿಕ ಜೀಪುಗಳಲ್ಲಿ ಇದು ಸುಮಾರು ಎರಡೂವರೆ ಪಟ್ಟು. ಇಷ್ಟು ಬಲವನ್ನು ಹಿಂದಿನ ಆಕ್ಸಲ್ ಒಂದೇ ತಾಳಲಾರದು. ಆದ್ದರಿಂದ ಮುಂದಿನ ಆಕ್ಸಲ್ ಕೂಡಿಸದೆ ‘ಲೋ’ ಬೀಳದಂತೆ ಒಳಗೇ ಒಂದು ತಡೆ ಇಟ್ಟಿದ್ದರು.

ನಿಲ್ಲಿಸದೆ ಕೂಡಿಸುವುದು

ಓದುಗರಿಗೆ ಅಚ್ಚರಿಯಾಗಬಹುದು. ಓಡುತ್ತಿರುವಾಗಲೇ ನಾಲ್ಕು ಚಕ್ರಕ್ಕೆ ಬದಲಾಯಿಸುವುದು ಆ ಹಳೆಯ ಜೀಪಿಗೇ ಸಾಧ್ಯವಿತ್ತು. ಕಾರಣ ಹೀಗೆ: ಲಿವರ್ ಹಾಕದಿದ್ದರೂ ಮುಂದಿನ ಚಕ್ರಗಳು ನೆಲದ ಮೇಲೆ ಉರುಳುತ್ತಲೇ ಇರುತ್ತವೆ. ಅವುಗಳಿಗೆ ಜೋಡಿಸಿದ ಆಕ್ಸಲ್, ಅದರ ಹಲ್ಲುಚಕ್ರ, ಟ್ರಾನ್ಸ್‌ಫರ್ ಕೇಸಿನವರೆಗಿನ ಶಾಫ್ಟು ಎಲ್ಲವೂ ಜೊತೆಗೇ ಸುತ್ತುತ್ತವೆ. ದಾರಿ ನೇರವಿದ್ದು ನಾಲ್ಕೂ ಟೈರುಗಳು ಸರಿಸಮನಾಗಿ ಸವೆದಿದ್ದರೆ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡರ ವೇಗವೂ ಒಂದೇ. ಬಸ್ಸಿನ ಪಕ್ಕದಲ್ಲಿ ಪ್ರಯಾಣಿಕ ಆಗಲೇ ಓಡುತ್ತಿದ್ದಾನೆ! ಆಕ್ಸಿಲರೇಟರಿನಿಂದ ಕಾಲು ತೆಗೆದು, ಕ್ಲಚ್ ಒತ್ತಿ, ಲಿವರ್ ತಳ್ಳಿದರೆ ಹಲ್ಲಿಗೆ ಹಲ್ಲು ಕೂತುಬಿಡುತ್ತದೆ.

ಆದರೆ ಒಂದು ಷರತ್ತು ಉಂಟು. ಹಿಂಚಕ್ರ ಕೆಸರಿನಲ್ಲಿ ಸಿಕ್ಕು ಗರಗರ ಸುತ್ತತೊಡಗಿದ ಮೇಲೆ ಈ ಲೆಕ್ಕ ನಡೆಯುವುದಿಲ್ಲ. ಆಗ ಹಿಂದಿನ ಶಾಫ್ಟು ಜೋರಾಗಿ ತಿರುಗುತ್ತಿರುತ್ತದೆ, ಮುಂದಿನದು ಹೆಚ್ಚುಕಡಿಮೆ ನಿಂತಿರುತ್ತದೆ. ಆ ಗಳಿಗೆಯಲ್ಲಿ ಲಿವರ್ ಎಳೆದರೆ ಕಬ್ಬಿಣ ಕಿರುಚುತ್ತದೆ. ಕೆಸರು ಕಂಡ ಕೂಡಲೇ, ಅದಕ್ಕೆ ಇಳಿಯುವ ಮುನ್ನವೇ ಫೋರ್ ವೀಲ್ ಹಾಕಬೇಕು ಎಂದು ಅನುಭವಿ ಚಾಲಕರು ಹೇಳುವುದರ ಹಿಂದೆ ಈ ಯಂತ್ರಶಾಸ್ತ್ರವಿದೆ.

ಹಾಕಿದ ಮೇಲೆ ತೆಗೆಯುವುದು ಇನ್ನೊಂದು ಪಾಡು. ವಾಹನ ತಿರುವಿನಲ್ಲಿ ಹೋಗುವಾಗ ಮುಂಚಕ್ರಗಳು ಹಿಂಚಕ್ರಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಹಳೆಯ ಜೀಪಿನ ಎರಡು ಆಕ್ಸಲ್‌ಗಳ ನಡುವಣ ಅಂತರ 80 ಅಂಗುಲ, ಅಂದರೆ ಎರಡು ಮೀಟರಿಗೆ ತುಸು ಹೆಚ್ಚು. ಹಿಂದಿನ ಆಕ್ಸಲಿನ ನಡುಬಿಂದು 5 ಮೀಟರ್ ತ್ರಿಜ್ಯದ ವೃತ್ತದಲ್ಲಿ ಸುತ್ತಿದರೆ ಮುಂದಿನದು ಸುಮಾರು 5.4 ಮೀಟರ್ ತ್ರಿಜ್ಯದಲ್ಲಿ ಸುತ್ತಬೇಕು. ಒಂದು ಪೂರ್ತಿ ಸುತ್ತಿಗೆ ಮುಂದಿನ ಚಕ್ರಗಳು ಸರಾಸರಿ ಎರಡೂವರೆ ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಎರಡೂ ಶಾಫ್ಟುಗಳನ್ನು ಬಿಗಿದು ಕಟ್ಟಿದಾಗ ಈ ಹೆಚ್ಚಿನ ದೂರವನ್ನು ಎಲ್ಲಿಂದ ತರುವುದು? ಕೆಸರಿನಲ್ಲಾದರೆ ಟೈರು ಚೂರು ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರು ರಸ್ತೆಯಲ್ಲಿ ಟೈರು ಜಾರುವುದಿಲ್ಲ. ಹೆಚ್ಚುವರಿ ಸುತ್ತು ಶಾಫ್ಟುಗಳೊಳಗೆ ಹಗ್ಗದ ಹುರಿಯಂತೆ ಬಿಗಿಯುತ್ತಾ ಹೋಗುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ಟೈರು ಸವೆಯುತ್ತದೆ, ಲಿವರ್ ಕಚ್ಚಿಕೊಂಡು ಬರುವುದೇ ಇಲ್ಲ. ಆಗ ಚಾಲಕ ಜೀಪನ್ನು ಹತ್ತಾರು ಅಡಿ ನೇರ ಹಿಂದಕ್ಕೆ ಓಡಿಸುತ್ತಾನೆ. ಹುರಿ ಬಿಚ್ಚಿಕೊಳ್ಳುತ್ತದೆ, ಲಿವರ್ ಸಡಿಲವಾಗುತ್ತದೆ. ಚಾರ್ಮಾಡಿಯಂಥ ಘಟ್ಟದ ಒಣ ಟಾರು ತಿರುವುಗಳಲ್ಲಿ ಇಂಥ ಜೀಪಿಗೆ ಫೋರ್ ವೀಲ್ ಹಾಕಿಕೊಂಡೇ ಹೋಗಬಾರದು ಎನ್ನುವುದು ಇದಕ್ಕೇ.

ಅನುಕೂಲ ಹೋಗಿ ಮತ್ತೆ ಬಂದದ್ದು

ಯುದ್ಧ ಮುಗಿದ ಮೇಲೆ ಸೇನೆಯ ಜೀಪುಗಳು ಅಗ್ಗದ ಬೆಲೆಗೆ ಅಮೆರಿಕದ ರೈತರ ಕೈಗೆ ಬಂದವು. ಅವು ಹೆಚ್ಚಿನ ಹೊತ್ತು ಓಡುತ್ತಿದ್ದುದು ಒಳ್ಳೆಯ ರಸ್ತೆಯಲ್ಲಿ. ಕೆಲಸವಿಲ್ಲದಿದ್ದರೂ ಮುಂದಿನ ಆಕ್ಸಲ್, ಶಾಫ್ಟು ಎಲ್ಲ ಸುತ್ತುತ್ತಿದ್ದುದರಿಂದ ಪೆಟ್ರೋಲ್ ದಂಡ, ಸವೆತ ದಂಡ. 1948ರಲ್ಲಿ ಸಿಯಾಟಲ್ ನಗರದ ಆರ್ಥರ್ ವಾರ್ನ್ ಇದಕ್ಕೊಂದು ಉಪಾಯ ಮಾರತೊಡಗಿದರು. ಮುಂಚಕ್ರದ ನಡುವೆ ಒಂದು ಬೀಗದ ಹಬ್. ಅದನ್ನು ಒಂದು ಕಡೆ ತಿರುಗಿಸಿದರೆ ಚಕ್ರ ಆಕ್ಸಲಿನಿಂದ ಬೇರ್ಪಟ್ಟು ತನ್ನಷ್ಟಕ್ಕೆ ಉರುಳುತ್ತದೆ. ಆಕ್ಸಲ್, ಶಾಫ್ಟು ಸುಮ್ಮನೆ ನಿಲ್ಲುತ್ತವೆ. ಇನ್ನೊಂದು ಕಡೆ ತಿರುಗಿಸಿದರೆ ಮತ್ತೆ ಜೋಡಿಯಾಗುತ್ತದೆ.

ಪೆಟ್ರೋಲ್ ಉಳಿಯಿತು. ಆದರೆ ಓಡುತ್ತಾ ಬದಲಾಯಿಸುವ ಅನುಕೂಲ ಹೋಯಿತು! ಹಬ್ ಬಿಚ್ಚಿದ್ದಾಗ ಮುಂದಿನ ಶಾಫ್ಟು ನಿಶ್ಚಲ. ಹಿಂದಿನದು ಓಡುತ್ತಿದೆ. ಈಗ ಲಿವರ್ ತಳ್ಳಿದರೆ, ನಿಂತವನು ಓಡುವ ಬಸ್ಸಿನ ಕಂಬಿ ಹಿಡಿದಂತೆ. ಆದ್ದರಿಂದ ಚಾಲಕ ಮೊದಲು ವಾಹನ ನಿಲ್ಲಿಸಿ, ಕೆಳಗಿಳಿದು, ಎರಡೂ ಚಕ್ರಗಳ ಹಬ್ಬನ್ನು ಕೈಯಿಂದ ತಿರುಗಿಸಿ ಬರಬೇಕು. ಮಳೆಯಲ್ಲಿ, ಮೊಣಕಾಲುದ್ದದ ಕೆಸರಿನಲ್ಲಿ ಆ ಕೆಲಸ ಮಾಡಿದವರಿಗೇ ಅದರ ಸುಖ ಗೊತ್ತು.

ಅದೇ 1948ರಲ್ಲಿ ಇಂಗ್ಲೆಂಡಿನ ರೋವರ್ ಕಂಪೆನಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ತೋರಿಸಿತು. ಅದು ಹಿಡಿದ ದಾರಿ ಬೇರೆ. ಮೊದಲ ಲ್ಯಾಂಡ್ ರೋವರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಸದಾ ಸಂಪರ್ಕವಿತ್ತು. ಮುಂದಿನ ಶಾಫ್ಟಿನ ದಾರಿಯಲ್ಲಿ ಸೈಕಲ್ಲಿನ ಫ್ರೀವೀಲಿನಂಥ ಒಂದು ಸಾಧನವಿಟ್ಟಿದ್ದರು. ತಿರುವಿನಲ್ಲಿ ಮುಂಚಕ್ರಗಳು ಮುಂದೆ ಓಡಬೇಕೆಂದರೆ ಅದು ಬಿಟ್ಟುಕೊಡುತ್ತಿತ್ತು. ಹಿಂಚಕ್ರಗಳು ಜಾರಿದರೆ ಕಚ್ಚಿಕೊಳ್ಳುತ್ತಿತ್ತು. 1950ರಲ್ಲಿ ಇದನ್ನು ಬಿಟ್ಟು, ಬೇಕಾದಾಗ ಕೂಡಿಸುವ ಪದ್ಧತಿಗೆ ಬಂದರು. ಆಮೇಲಿನ ಲ್ಯಾಂಡ್ ರೋವರುಗಳ ಹಳದಿ ಗುಂಡಿ ಪ್ರಸಿದ್ಧ. ಓಡುತ್ತಿರುವಾಗಲೇ ಅಂಗೈಯಿಂದ ಅದನ್ನು ಕೆಳಗೆ ಒತ್ತಿದರೆ ನಾಲ್ಕು ಚಕ್ರಕ್ಕೂ ಬಲ. ಆದರೆ ಹೊರಬರಬೇಕಾದರೆ ನಿಲ್ಲಿಸಿ, ಕೆಂಪು ಗುಂಡಿಯ ಲಿವರನ್ನು ಹಿಂದಕ್ಕೆ ‘ಲೋ’ಗೆ ಎಳೆದು, ಮತ್ತೆ ಮುಂದಕ್ಕೆ ತಳ್ಳಬೇಕು. ಒಳಗೆ ಹೋಗುವುದು ಸುಲಭ, ಹೊರಗೆ ಬರುವುದು ನಿಧಾನ.

ವಾರ್ನ್ ಹಬ್ ಕಸಿದುಕೊಂಡ ಅನುಕೂಲವನ್ನು ಹಿಂದಿರುಗಿಸಲು ನೆರವಾದದ್ದು ಕಾರುಗಳ ಗೇರ್ ಬಾಕ್ಸಿನಲ್ಲಿದ್ದ ಹಳೆಯ ತಂತ್ರ. ಅಮೆರಿಕದ ಅರ್ಲ್ ಥಾಮ್ಸನ್ ರೂಪಿಸಿದ ‘ಸಿಂಕ್ರೊಮೆಶ್’ 1928ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂದಿತ್ತು. ಹಲ್ಲುಗಳು ಕೂಡುವ ಮೊದಲೇ ಒಂದು ಶಂಕುವಿನಾಕಾರದ ಉಂಗುರ ಇನ್ನೊಂದಕ್ಕೆ ಉಜ್ಜಿ, ಎರಡರ ವೇಗವನ್ನೂ ಒಂದು ಮಾಡುತ್ತದೆ. ಅಂದರೆ ಆ ನಾಲ್ಕು ಹೆಜ್ಜೆ ಓಡುವ ಕೆಲಸ ಉಂಗುರದ್ದು. ಇದೇ ಉಪಾಯವನ್ನು ಟ್ರಾನ್ಸ್‌ಫರ್ ಕೇಸಿನೊಳಗೂ ಕೂರಿಸಿದರು.

1983ರ ಮಾದರಿಯ ಷೆವ್ರೊಲೆ ಎಸ್-10 ಬ್ಲೇಜರ್ ಮತ್ತು 1984ರ ಜೀಪ್ ಚೆರೋಕಿ ಈ ಮಾರ್ಗದ ಹೆಸರಾಂತ ವಾಹನಗಳು. ಅವುಗಳಲ್ಲಿ ಚಕ್ರದ ಹಬ್ಬಿಗೆ ಬೀಗವಿರಲಿಲ್ಲ. ಮುಂದಿನ ಆಕ್ಸಲಿನ ಒಂದು ಬದಿಯ ಶಾಫ್ಟನ್ನೇ ಎರಡು ತುಂಡು ಮಾಡಿ, ನಡುವೆ ಸರಿಯುವ ಕೊರಳಪಟ್ಟಿಯೊಂದನ್ನು ಇಟ್ಟಿದ್ದರು. ಪಟ್ಟಿ ಸರಿದು ಎರಡು ತುಂಡುಗಳನ್ನೂ ಹಿಡಿದರೆ ಆಕ್ಸಲ್ ಪೂರ್ತಿ, ಬಿಟ್ಟರೆ ಮುಂದಿನ ಉದ್ದ ಶಾಫ್ಟು ವಿಶ್ರಾಂತಿಗೆ. ಬ್ಲೇಜರಿನಲ್ಲಿ ಚಾಲಕ ಲಿವರ್ ಎಳೆದಾಗ ಮೊದಲು ಸಿಂಕ್ರೊಮೆಶ್ ಉಂಗುರ ನಿಂತಿದ್ದ ಶಾಫ್ಟನ್ನು ವೇಗಕ್ಕೆ ತರುತ್ತದೆ. ಆಮೇಲೆ ಎಂಜಿನ್ನಿನ ನಿರ್ವಾತ ಬಲ ಆ ಪಟ್ಟಿಯನ್ನು ಎಳೆದು ಕೂರಿಸುತ್ತದೆ. ಇಳಿಯಬೇಕಾಗಿಲ್ಲ, ನಿಲ್ಲಿಸಬೇಕಾಗಿಲ್ಲ. ಇದಕ್ಕೆ ಅಮೆರಿಕದ ಮಾರಾಟಗಾರರು ಕೊಟ್ಟ ಹೆಸರು ‘ಶಿಫ್ಟ್ ಆನ್ ದ ಫ್ಲೈ’.

1980ರ ದಶಕದ ನಡುವಿನಲ್ಲಿ ಲಿವರ್ ಕೂಡ ಹೋಯಿತು. ಫೋರ್ಡ್ ಕಂಪೆನಿಯ ಬ್ರಾಂಕೊ-2ರಂಥ ವಾಹನಗಳಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಬೋರ್ಗ್ ವಾರ್ನರ್ ಕಂಪೆನಿಯ ಟ್ರಾನ್ಸ್‌ಫರ್ ಕೇಸಿನೊಳಗೆ ವಿದ್ಯುತ್ಕಾಂತದ ಕ್ಲಚ್ಚು ಮುಂದಿನ ಶಾಫ್ಟನ್ನು ಸುತ್ತಿಸಿ ವೇಗ ಹೊಂದಿಸುತ್ತದೆ, ಆಮೇಲೆ ಹಲ್ಲಿನ ಪಟ್ಟಿ ಕೂಡಿಕೊಳ್ಳುತ್ತದೆ.

ಬದಲಾಯಿಸುವುದೇ ಬೇಡ ಎಂದವರು

ಇಷ್ಟೆಲ್ಲ ಪಾಡು ಯಾಕೆ, ನಾಲ್ಕು ಚಕ್ರಗಳೂ ಯಾವಾಗಲೂ ಎಳೆಯಲಿ ಎಂದವರೂ ಇದ್ದರು. ಅದಕ್ಕೆ ಮುಂದಿನ, ಹಿಂದಿನ ಶಾಫ್ಟುಗಳ ನಡುವೆ ಇನ್ನೊಂದು ಡಿಫರೆನ್ಷಿಯಲ್ ಬೇಕು. ತಿರುವಿನ ಹೆಚ್ಚುವರಿ ದೂರವನ್ನು ಅದು ನುಂಗಿಕೊಳ್ಳುತ್ತದೆ. 1966ರ ಜೆನ್ಸನ್ ಎಫ್.ಎಫ್. ಎಂಬ ಇಂಗ್ಲಿಷ್ ಕಾರು, 1970ರ ರೇಂಜ್ ರೋವರ್, 1980ರ ಔಡಿ ಕ್ವಾಟ್ರೊ ಈ ಹಾದಿಯ ಮೈಲಿಗಲ್ಲುಗಳು. ಆದರೆ ನಡುವಿನ ಡಿಫರೆನ್ಷಿಯಲ್ಲಿಗೆ ಒಂದು ದೌರ್ಬಲ್ಯವಿದೆ. ಒಂದೇ ಒಂದು ಚಕ್ರ ಗಾಳಿಯಲ್ಲಿ ಸುತ್ತತೊಡಗಿದರೂ ಬಲವೆಲ್ಲ ಅಲ್ಲಿಗೇ ಸೋರಿಹೋಗುತ್ತದೆ. ಹೀಗಾಗಿ ಅದನ್ನು ಬಿಗಿಯುವ ಬೀಗ ಬೇಕು. ತಿರುಗಿ ಅದೇ ಪ್ರಶ್ನೆ: ಬೀಗ ಹಾಕುವುದು ಯಾವಾಗ?

ಭಾರತದಲ್ಲಿ ಈ ಇತಿಹಾಸ ಜೀಪಿನಿಂದಲೇ ಆರಂಭವಾಯಿತು. 1945ರಲ್ಲಿ ‘ಮಹೀಂದ್ರ ಅಂಡ್ ಮೊಹಮ್ಮದ್’ ಎಂದು ಹುಟ್ಟಿದ ಸಂಸ್ಥೆ 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮರುವರ್ಷ ಅದರ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಎಂದಾಯಿತು. ದಶಕಗಳ ಕಾಲ ನಮ್ಮ ತೋಟ, ಕಾಡು, ಪೊಲೀಸ್ ಠಾಣೆಗಳಲ್ಲಿ ಕಂಡದ್ದು ಈ ಜೀಪಿನ ವಂಶವೇ. 1985ರಲ್ಲಿ ಮಾರುತಿ ಜಿಪ್ಸಿ ಬಂತು. 1998ರಲ್ಲಿ ಬಂದ ಟಾಟಾ ಸಫಾರಿಯ ನಾಲ್ಕು ಚಕ್ರ ಮಾದರಿಯಲ್ಲಿ, ಮುಂದೆ ಮಹೀಂದ್ರ ಸ್ಕಾರ್ಪಿಯೊದಲ್ಲಿ, ಚಾಲಕ ಸ್ವಿಚ್ಚು ತಿರುಗಿಸಿ ಓಡುತ್ತಲೇ ನಾಲ್ಕು ಚಕ್ರಕ್ಕೆ ಬದಲಾಯಿಸಬಹುದಾಯಿತು. ಕುತೂಹಲದ ಸಂಗತಿಯೆಂದರೆ 2020ರ ಹೊಸ ಥಾರ್, 2023ರ ಮಾರುತಿ ಜಿಮ್ನಿ ಎರಡೂ ಮತ್ತೆ ನೆಲದ ಮೇಲಿನ ಗಿಡ್ಡ ಲಿವರನ್ನೇ ಇಟ್ಟುಕೊಂಡು ಬಂದವು. ಜಿಮ್ನಿಯನ್ನು ಎರಡು ಚಕ್ರದಿಂದ ‘ಫೋರ್ ಹೈ’ಗೆ ಹಾಕಲು ನಿಲ್ಲಿಸಬೇಕಾಗಿಲ್ಲ. ವೇಗ ಗಂಟೆಗೆ 100 ಕಿ.ಮೀ.ಗಿಂತ ಕಡಿಮೆಯಿದ್ದು ಚಕ್ರಗಳು ನೇರವಾಗಿರಬೇಕು, ಅಷ್ಟೆ. ‘ಲೋ’ಗೆ ಹೋಗಬೇಕಾದರೆ ಮಾತ್ರ ನಿಲ್ಲಿಸಲೇಬೇಕು.

‘ಲೋ’ ಯಾಕೆ ಬಗ್ಗುವುದಿಲ್ಲ?

ಇಷ್ಟೊಂದು ತಂತ್ರ ಬಂದರೂ ಬಹುಪಾಲು ವಾಹನಗಳಲ್ಲಿ ‘ಲೋ’ಗೆ ಹಾಕಲು ಇಂದಿಗೂ ನಿಲ್ಲಿಸಬೇಕು. ಕಾರಣ ಲೆಕ್ಕದಲ್ಲಿದೆ. ಟ್ರಾನ್ಸ್‌ಫರ್ ಕೇಸಿನಿಂದ ಚಕ್ರಗಳ ಕಡೆ ಹೋಗುವ ಶಾಫ್ಟು ನಿಮಿಷಕ್ಕೆ 400 ಸುತ್ತು ತಿರುಗುತ್ತಿದೆ ಎನ್ನೋಣ. ‘ಹೈ’ನಲ್ಲಿ ಎಂಜಿನ್ ಕಡೆಯ ಶಾಫ್ಟೂ 400 ಸುತ್ತೇ ತಿರುಗುತ್ತಿರುತ್ತದೆ. ‘ಲೋ’ಗೆ ಹೋಗಬೇಕಾದರೆ ಅದು ಎರಡೂವರೆ ಪಟ್ಟು, ಅಂದರೆ 1,000 ಸುತ್ತಿಗೆ ಏರಬೇಕು. ಕ್ಲಚ್ ಒತ್ತಿದ ಮೇಲೆ ಆ ಶಾಫ್ಟು ನಿಧಾನವಾಗುತ್ತದೆಯೇ ಹೊರತು ತಾನಾಗಿ ಜೋರಾಗುವುದಿಲ್ಲ. ಸಣ್ಣ ಸಿಂಕ್ರೊಮೆಶ್ ಉಂಗುರಕ್ಕೆ ಇಷ್ಟು ದೊಡ್ಡ ಅಂತರ ಹೊರೆ. ‘ಲೋ’ದಿಂದ ‘ಹೈ’ಗೆ ಬರುವುದು ಇದಕ್ಕಿಂತ ಸುಲಭ, ಏಕೆಂದರೆ ಅಲ್ಲಿ ವೇಗ ಇಳಿಯಬೇಕು; ಇಳಿಯುವುದು ಶಾಫ್ಟಿನ ಸ್ವಭಾವ.

ಹಳೆಯ ಲಾರಿ ಚಾಲಕರ ‘ಡಬಲ್ ಕ್ಲಚ್’ ವಿದ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಲಿವರನ್ನು ನ್ಯೂಟ್ರಲ್ಲಿಗೆ ತಂದು, ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒತ್ತಿ ಎಂಜಿನ್ ಕಡೆಯ ಶಾಫ್ಟನ್ನು ವೇಗಕ್ಕೇರಿಸಿ, ಮತ್ತೆ ಕ್ಲಚ್ ಒತ್ತಿ ‘ಲೋ’ಗೆ ತಳ್ಳುವುದು. ವೇಗ ಕೂಡಿತೋ ಇಲ್ಲವೋ ಎಂದು ಹೇಳುವುದು ಕಿವಿ ಒಂದೇ. 1979ರಲ್ಲಿ ಬಂದ ಮರ್ಸಿಡಿಸ್ ಜಿ-ವ್ಯಾಗನ್ನಿನಲ್ಲಿ ಟ್ರಾನ್ಸ್‌ಫರ್ ಕೇಸಿನ ಎಲ್ಲ ನೆಲೆಗಳಿಗೂ ಸಿಂಕ್ರೊಮೆಶ್ ಇಟ್ಟರು. 2002ರ ರೇಂಜ್ ರೋವರಿನಲ್ಲಿ ನಿಧಾನವಾಗಿ ಚಲಿಸುತ್ತಿರುವಾಗ ಗುಂಡಿ ಒತ್ತಿ ‘ಲೋ’ಗೆ ಹೋಗುವುದು ಸಾಧ್ಯವಾಯಿತು. ಅಲ್ಲಿ ಕಿವಿಯ ಕೆಲಸ ಗಣಕದ್ದು.

ಈ ವಿಚಾರ ಜೀವಕ್ಕೆ ಮುಟ್ಟುವುದು ಇಳಿಜಾರಿನಲ್ಲಿ. ‘ಹೈ’ದಿಂದ ‘ಲೋ’ಗೆ ಹೋಗುವ ಹಾದಿಯಲ್ಲಿ ಲಿವರ್ ‘ನ್ಯೂಟ್ರಲ್’ ದಾಟಲೇಬೇಕು. ಆ ಕ್ಷಣ ಎಂಜಿನ್ನಿಗೂ ಚಕ್ರಗಳಿಗೂ ಸಂಬಂಧವಿಲ್ಲ. ಮುಖ್ಯ ಗೇರ್ ಲಿವರ್ ಮೊದಲ ಗೇರಿನಲ್ಲೇ ಇದ್ದರೂ ವಾಹನವನ್ನು ಹಿಡಿದು ನಿಲ್ಲಿಸುವ ಎಂಜಿನ್ ಇಲ್ಲ. ಇಳಿಯುತ್ತಾ ‘ಲೋ’ಗೆ ತಳ್ಳಲು ಹೋಗಿ ಹಲ್ಲು ಕೂಡದಿದ್ದರೆ ವಾಹನ ವೇಗ ಹಿಡಿಯುತ್ತದೆ. ವೇಗ ಹಿಡಿದಷ್ಟೂ ಹಲ್ಲು ಕೂಡುವುದು ಇನ್ನೂ ಕಷ್ಟ. ಉಳಿಯುವುದು ಬ್ರೇಕ್ ಒಂದೇ, ಒದ್ದೆ ಮಣ್ಣಿನಲ್ಲಿ ಅದೂ ಚಕ್ರವನ್ನು ಕಟ್ಟಿ ಜಾರಿಸುತ್ತದೆ. ವಾಹನ ನಿಲ್ಲಿಸಿದಾಗಲೂ ಇದೇ ಮಾತು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ಲಿನಲ್ಲಿದ್ದರೆ, ಗೇರಿನಲ್ಲಿಟ್ಟಿದ್ದೇನೆ ಎಂಬ ಧೈರ್ಯಕ್ಕೆ ಅರ್ಥವಿಲ್ಲ. ಕೈ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಲೇಬೇಕು.

ಮುಂದಿನ ದಾರಿ

ವಿದ್ಯುತ್ ವಾಹನಗಳು ಈ ಸಮಸ್ಯೆಯ ಬುಡಕ್ಕೇ ಕೈ ಹಾಕಿವೆ. 2025ರಲ್ಲಿ ಬಂದ ಟಾಟಾ ಹ್ಯಾರಿಯರ್ ಇ.ವಿ.ಯ ನಾಲ್ಕು ಚಕ್ರ ಮಾದರಿಯಲ್ಲಿ ಮುಂದಿನ ಚಕ್ರಗಳಿಗೊಂದು, ಹಿಂದಿನ ಚಕ್ರಗಳಿಗೊಂದು ಮೋಟರಿದೆ. ಎರಡನ್ನೂ ಬೆಸೆಯುವ ಉದ್ದ ಶಾಫ್ಟು ಇಲ್ಲ. ಕೂಡಿಸುವ ಹಲ್ಲೂ ಇಲ್ಲ, ಮುರಿಯುವ ಹಲ್ಲೂ ಇಲ್ಲ. ಯಾವ ಮೋಟರಿಗೆ ಎಷ್ಟು ವಿದ್ಯುತ್ ಎಂಬುದನ್ನು ಗಣಕ ನಿರ್ಧರಿಸುತ್ತದೆ. 1900ರಲ್ಲಿ ಪೋರ್ಷೆ ಹಿಡಿದ ದಾರಿಗೇ ಒಂದೂಕಾಲು ಶತಮಾನದ ಬಳಿಕ ಮೋಟಾರು ಉದ್ಯಮ ಬಂದು ನಿಂತಿದೆ.

ಆದರೂ ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಏರುವ ಜೀಪುಗಳಿಗೆ ಲಿವರ್ ಇದ್ದೇ ಇದೆ. ಹಳೆಯ ಜೀಪಿಗೂ ಹೊಸ ಥಾರಿಗೂ ಅನ್ವಯಿಸುವ ನಿಯಮಗಳು ಕೆಲವೇ. ‘ಫೋರ್ ಹೈ’ ಹಾಕುವುದಾದರೆ ಚಕ್ರ ಜಾರುವ ಮೊದಲು, ದಾರಿ ನೇರವಿರುವಾಗ, ಆಕ್ಸಿಲರೇಟರಿನಿಂದ ಕಾಲೆತ್ತಿ ಹಾಕಬೇಕು. ಹಬ್ ಕೈಯಿಂದ ತಿರುಗಿಸುವಂಥದ್ದಾದರೆ ಮನೆಯಿಂದ ಹೊರಡುವಾಗಲೇ ಅದನ್ನು ಜೋಡಿಸಿರಬೇಕು. ಟಾರು ರಸ್ತೆ ಸಿಕ್ಕ ಕೂಡಲೇ ಬಿಡಿಸಬೇಕು. ‘ಲೋ’ ಮಾತ್ರ ಇಳಿಜಾರಿನ ಮೇಲ್ತುದಿಯಲ್ಲಿ, ಸಮತಟ್ಟಾದ ಜಾಗದಲ್ಲಿ, ವಾಹನ ಪೂರ್ತಿ ನಿಂತ ಮೇಲೆ. ವೇಗ ಹೊಂದಿಸುವ ಕೆಲಸವನ್ನು ಉಂಗುರವೋ ಕಾಂತವೋ ಗಣಕವೋ ಮಾಡೀತು. ಮುಂದಿನ ತಿರುವಿನಾಚೆ ಇಳಿಜಾರಿದೆ ಎಂದು ಮೊದಲೇ ತಿಳಿದಿರುವುದು ದಾರಿ ಬಲ್ಲ ಚಾಲಕನಿಗೆ ಮಾತ್ರ.